ಕೂಗು ಕೇಳುವಷ್ಟು ದೂರ

ಹುಲಗೆಮ್ಮನ ಮನೆಯಲ್ಲಿ ನೀರಡಿಕೆಯಾದರೆ ಕೌಜುಗ ಕೂಗುತ್ತಿತ್ತು. ಮಗ್ಗುಲು ಬದಲಿಸಬೇಕಾದರೂ ಕೌಜುಗವೇ ಕೂಗುತ್ತಿತ್ತು. ಆದರೆ ಆ ಮನೆಯಲ್ಲಾಗಲಿ, ಮನೆಯ ಹಿಂದೆ ಬಂಡೆಗಳನ್ನು ಪೇರಿಸಿಟ್ಟಂತೆ ನಿಂತ ಮಸರಕಲ್ಲು ಊರಿನ ಗುಡ್ಡದಲ್ಲಾಗಲಿ ಕೌಜುಗ ಇದ್ದುದನ್ನು ಈಚೆಗೆ ಯಾರೂ ಕಂಡಿರಲಿಲ್ಲ. ಹಾಗೆ ಕೂಗುತ್ತಿದ್ದವನು ಅವಳ ಗಂಡ ಬೂದೆಪ್ಪ.

ಕೌಜುಗ ಹಿಡಿಯುವವರಲ್ಲಿ ಹೆಚ್ಚಿನವರು ಪಳಗಿಸಿದ ಗಂಡುಹಕ್ಕಿಯೊಂದನ್ನು ಪಂಜರದಲ್ಲಿ ಸಾಕುತ್ತಾರೆ. ಅದನ್ನು ಪೊದೆಯ ಮರೆಯಲ್ಲಿಟ್ಟು ಸುತ್ತಲೂ ಉರುಲು ಹರಡಿದರೆ, ಅದರ ಕೂಗು ಕೇಳಿದ ಕಾಡಿನ ಗಂಡು ತನ್ನ ನೆಲಕ್ಕೆ ಇನ್ನೊಬ್ಬ ಬಂದನೆಂಬ ಸಿಟ್ಟಿನಲ್ಲಿ ಓಡಿಬಂದು ಉರುಲಿಗೆ ಕಾಲು ಕೊಡುತ್ತದೆ. ಬೂದೆಪ್ಪನಿಗೆ ಪಂಜರದ ಹಕ್ಕಿ ಬೇಕಾಗಲೇ ಇಲ್ಲ. ಅವನ ಅಪ್ಪನಿಗೂ ಬೇಕಿರಲಿಲ್ಲ. ಆ ಮನೆಯ ಗಂಡಸರು ಕೌಜುಗದ ಕೂಗನ್ನು ತುಟಿಯಿಂದಲ್ಲ, ಗಂಟಲಿನ ಆಳದಿಂದ ಎತ್ತುತ್ತಿದ್ದರು. ಬಂಡೆಯ ಸಂದಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಬೂದೆಪ್ಪ ಒಂದು ಕೂಗು ಹಾಕಿದರೆ ಗುಡ್ಡದ ಆಚೆ ಮಗ್ಗುಲಿನಿಂದ ಉತ್ತರ ಬರುತ್ತಿತ್ತು. ಹಕ್ಕಿಯೇ ಮೋಸಹೋಗುವ ಕೂಗು ಅದು.

ಮದುವೆಯಾದ ಹೊಸದರಲ್ಲಿ ಹುಲಗೆಮ್ಮನಿಗೆ ಅದು ಬೆರಗಾಗಿತ್ತು, ಆಮೇಲೆ ಒಲೆಯ ಹೊಗೆಯಂತೆ ರೂಢಿಯಾಯಿತು. ಒಮ್ಮೆ ಬೂದೆಪ್ಪ ಚೀಲದೊಳಗೆ ಮಿಸುಕಾಡುವ ಹಕ್ಕಿಗಳ ಸಮೇತ ರಾಯಚೂರಿನ ಬಸ್‌ ನಿಲ್ದಾಣದಲ್ಲಿ ಅರಣ್ಯದವರ ಕೈಗೆ ಸಿಕ್ಕಿಬಿದ್ದ. ಬಿಡಿಸಿಕೊಂಡು ಬರಲು ಹೋದ ಹುಲಗೆಮ್ಮ ರೊಟ್ಟಿಗಂಟು ಹಿಡಿದು ಅವರ ಕಚೇರಿಯ ಬಾಗಿಲಲ್ಲಿ ನಿಂತಿದ್ದಾಗ ಗಾರ್ಡ್ ಒಬ್ಬ ಹೇಳಿದ ಮಾತು ಅವಳ ಕಿವಿಯಲ್ಲಿ ಉಳಿದುಬಿಟ್ಟಿತು: “ಲೇ ಬೂದ್ಯಾ, ಈ ಕೂಗು ಇನ್ನೊಮ್ಮಿ ನಿನ್ನ ಬಾಯಾಗ ಕೇಳಿದ್ರ ಸೀದಾ ಒಳಗ, ತಿಳೀತೇನಲೇ?” ಗಾರ್ಡ್ ಅದನ್ನು ಹೆದರಿಸಲು ಹೇಳಿದನೋ ಕಾನೂನೆಂದು ಹೇಳಿದನೋ ಅವಳಿಗೆ ತಿಳಿಯುವಂತಿರಲಿಲ್ಲ. ಅಂದಿನಿಂದ ಬೂದೆಪ್ಪ ಉರುಲನ್ನು ಅಟ್ಟಕ್ಕೆ ಸಿಕ್ಕಿಸಿ, ಹತ್ತಿ ಬಿಡಿಸಲು, ತೊಗರಿ ಕೊಯ್ಯಲು ಹೋಗತೊಡಗಿದ. ಕೂಗುವುದನ್ನೂ ಬಿಟ್ಟ.

ತೊಗರಿ ರಾಶಿಯ ಕಾಲದಲ್ಲಿ ಕಣದಲ್ಲೇ ಅವನಿಗೆ ಲಕ್ವಾ ಹೊಡೆಯಿತು. ರಾಯಚೂರಿನ ದವಾಖಾನೆಯಿಂದ ಮರಳಿ ಬಂದವನಿಗೆ ಬಲಗೈ, ಬಲಗಾಲು, ಮಾತು ಮೂರೂ ಇರಲಿಲ್ಲ. ಹೆಂಡತಿಯ ಹೆಸರು ಹೇಳಲು ಹೋದರೆ ಬಾಯಿ ಒಂದೇ ಅಕ್ಷರದ ಸುತ್ತ ಗಾಣದ ಎತ್ತಿನಂತೆ ತಿರುಗುತ್ತಿತ್ತು. ಕೊನೆಗೆ ಅವನು ಪ್ರಯತ್ನವನ್ನೇ ಕೈಬಿಟ್ಟು ಚಪ್ಪರದ ಕೆಳಗಿನ ಹೊರಸಿನ ಮೇಲೆ ಗುಡ್ಡದ ಕಡೆ ಮುಖ ಮಾಡಿ ಮಲಗಿರತೊಡಗಿದ. ಹಾಗೆ ಮಲಗಿದ್ದ ಒಂದು ಬೆಳಗ್ಗೆ, ಹುಲಗೆಮ್ಮ ಒಲೆ ಹೊತ್ತಿಸುತ್ತಿದ್ದಾಗ, ಹೊರಗೆ ಕೌಜುಗ ಕೂಗಿತು. ಅವಳು ಊದುಗೊಳವೆ ಕೈಯಲ್ಲಿ ಹಿಡಿದೇ ಹೊರಗೆ ಬಂದು ನೋಡಿದಳು. ಬೂದೆಪ್ಪ ತನ್ನ ಗಂಟಲಿಗೆ ತಾನೇ ಬೆಚ್ಚಿದವನಂತೆ ಅವಳನ್ನು ನೋಡುತ್ತಿದ್ದ. ಮಾತು ಹೋಗಿತ್ತು, ಕೂಗು ಹೋಗಿರಲಿಲ್ಲ.

ಅದಾದ ಮೇಲೆ ಇಬ್ಬರ ನಡುವೆ ಒಂದು ಭಾಷೆ ಹುಟ್ಟಿತು. ಮೊಟಕಾದ ಒಂದು ಕೂಗು ಬಂದರೆ ನೀರು. ಎಳೆದು ಎರಡು ಸಲ ಕೂಗಿದರೆ ಮಗ್ಗುಲು ಬದಲಿಸಬೇಕು, ಇಲ್ಲವೆ ಬಹಿರ್ದೆಸೆಗೆ. ಬೆಳಗಿನ ಹೊತ್ತು ಏರುತ್ತ ಹೋಗುವ ಪೂರ್ತಿ ಕೂಗಿಗೆ ಅರ್ಥವೇನೂ ಇರಲಿಲ್ಲ, ಎದ್ದಿದ್ದೇನೆ ಎಂದಷ್ಟೇ. ಒಂದು ಮಾತ್ರ ಸತ್ಯ: ಅಪರಿಚಿತರು ಬಂದರೆ ಬೂದೆಪ್ಪ ಬಾಯಿ ಬಿಡುತ್ತಿರಲಿಲ್ಲ. ಹೊರಗಿನವರ ಕಾಲ ಸಪ್ಪಳಕ್ಕೆ ಸುಮ್ಮನಾಗುವುದು ಬೇಟೆಯವನ ಹಳೆಯ ಅಭ್ಯಾಸ.

ಹೀಗೆ ಹುಲಗೆಮ್ಮನ ಲೋಕಕ್ಕೆ ಒಂದು ಗಡಿ ಬಿತ್ತು. ಕೂಗು ಕೇಳುವಷ್ಟು ದೂರದ ಹೊಲಗಳಿಗೆ ಮಾತ್ರ ಅವಳು ಕೂಲಿಗೆ ಹೋಗುತ್ತಿದ್ದಳು. ಗಾಳಿ ಎದುರು ಬೀಸಿದ ದಿನ ಅದೂ ಇಲ್ಲ. ಪಕ್ಕದ ಮನೆಯ ಆದೆಮ್ಮನಿಗೆ ಇದೊಂದು ತಮಾಷೆ.

“ಬಸ್ ಫ್ರೀ ಆದ ಮ್ಯಾಲ ನಾ ಹುಲಿಗಿಗೆ ಹೋಗಿ ಬಂದೆ, ಸವದತ್ತಿಗೆ ಹೋಗಿ ಬಂದೆ” ಎನ್ನುತ್ತಿದ್ದಳು ಆದೆಮ್ಮ, ಎರಡು ಮನೆಗಳ ನಡುವಿನ ಕುಂಬಿಗೋಡೆಯ ಮೇಲೆ ಕೂತು. “ನೀ ಆಧಾರ್ ಕಾರ್ಡು ಟ್ರಂಕಿನಾಗ ಇಟ್ಟು ಪೂಜಿ ಮಾಡು ಬೇ.”

“ನನ್ನ ಕಂಡಕ್ಟರ್ ಇಲ್ಲೇ ಮಲಗ್ಯಾನಲ್ಲ ಯಕ್ಕಾ. ಅವ ಸೀಟಿ ಹೊಡದ್ರ ಬಸ್ ನಿಲ್ಲಬೇಕು” ಎನ್ನುತ್ತಿದ್ದಳು ಹುಲಗೆಮ್ಮ. ಇಬ್ಬರೂ ನಗುತ್ತಿದ್ದರು. ಹೊರಸಿನ ಮೇಲೆ ಬೂದೆಪ್ಪನೂ ನಕ್ಕಂತೆ ಕಾಣುತ್ತಿತ್ತು, ಅವನ ಅರ್ಧ ಮುಖ ಮಾತ್ರ ನಗಬಲ್ಲದಾಗಿದ್ದರಿಂದ ಖಚಿತವಾಗಿ ಹೇಳುವಂತಿರಲಿಲ್ಲ.

ರಾಯಚೂರಿನಿಂದ ಸವಿತಾ ಬಂದದ್ದು ಆ ಬೇಸಗೆಯ ಆರಂಭದಲ್ಲಿ. ಹಕ್ಕಿಗಳ ಅಧ್ಯಯನ ಮಾಡುವ ಒಂದು ಸಣ್ಣ ಸಂಸ್ಥೆಯವಳು. ದೇವದುರ್ಗದ ಕಲ್ಲುಗುಡ್ಡಗಳಿಂದ ಹಿಡಿದು ಮಾನ್ವಿಯ ಕಾಲುವೆ ನೀರಿನ ಭತ್ತದ ಗದ್ದೆಗಳವರೆಗೆ ಅಲ್ಲಲ್ಲಿ ಗಿಡಗಳಿಗೆ ಅಂಗೈಯಗಲದ ಹಸಿರು ಡಬ್ಬಿಗಳನ್ನು ಕಟ್ಟುತ್ತ ಹೊರಟಿದ್ದಳು. ಡಬ್ಬಿ ಹಗಲಿರುಳೂ ಸುತ್ತಲಿನ ಸದ್ದನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದರೊಳಗಿನ ಕಾರ್ಡುಗಳೆಲ್ಲ ರಾಯಚೂರಿಗೆ ಹೋಗುತ್ತವೆ. ಅಲ್ಲಿ ಕಂಪ್ಯೂಟರ್ ಕೇಳಿ, ಯಾವ ಹಕ್ಕಿ, ಎಲ್ಲಿ, ಎಷ್ಟು ಹೊತ್ತು ಕೂಗಿತು ಎಂದು ಹೇಳುತ್ತದೆ. ಹಕ್ಕಿಯನ್ನು ಕಣ್ಣಿನಿಂದ ಎಣಿಸಲು ನೂರು ಜನ ಬೇಕು, ಕಿವಿಯಿಂದಾದರೆ ಡಬ್ಬಿಗಳೇ ಸಾಕು ಎಂಬುದು ಅವಳ ಲೆಕ್ಕಾಚಾರ.

ಗುಡ್ಡದ ಮೇಲೆ ಕಟ್ಟಿದ ಮೊದಲ ಡಬ್ಬಿಯನ್ನು ಮುಸುವ ಕೋತಿಗಳು ಕಿತ್ತು ಬಂಡೆಗೆ ಜಜ್ಜಿದವು. ಎರಡನೆಯದನ್ನು ಸವಿತಾ ಗುಡ್ಡದ ಬುಡಕ್ಕೆ, ಹುಲಗೆಮ್ಮನ ಮುಳ್ಳುಬೇಲಿಯ ಆಚೆಗಿದ್ದ ಬೇವಿನ ಗಿಡಕ್ಕೆ ಕಟ್ಟಿಸಿದಳು.

“ಯಮ್ಮಾ, ವಾರಕ್ಕೊಮ್ಮೆ ಕಾರ್ಡು ಬದಲ ಮಾಡಬೇಕು, ಸೆಲ್ಲು ಹಾಕಬೇಕು. ನಮ್ಮ ಉಮೇಶ ಬಂದು ಒಯ್ತಾನ. ತಿಂಗಳಿಗಿಷ್ಟು ಅಂತ ಕೊಡ್ತೀವಿ. ಮಾಡ್ತೀರೇನು?”

“ಮಾಡ್ತೀನ್ರಿ ಮೇಡಮ್ಮಾರ. ಆದ್ರ ಇದು ನಮ್ ಮಾತೂ ಕೇಳತದೇನ್ರಿ? ನಾ ಈ ಆದೆಮ್ಮನ ಕೂಡ ದಿನಾ ಜಗಳ ಆಡ್ತೀನಿ.”

ಸವಿತಾ ನಕ್ಕಳು. “ಮನುಷ್ಯಾರ ಮಾತು ಬಂದ್ರ ಮಷೀನು ಅದನ್ನ ಗುರುತು ಹಿಡದು ಕತ್ತರಿಸಿ ಒಗೀತದ. ನಮಗ ಬೇಕಾಗಿದ್ದು ಹಕ್ಕಿ ಅಷ್ಟ.”

“ಒಗೆಯೂದಕ್ಕಿಂತ ಮೊದಲ ಒಮ್ಮಿ ಕೇಳ್ರಿ” ಎಂದಳು ಆದೆಮ್ಮ ಕುಂಬಿಯ ಮೇಲಿಂದ, “ನಾ ಎಷ್ಟು ಚಂದ ಬೈತೀನಿ ಅನ್ನೂದು ತಿಳೀತದ.”

ಹೋಗುವಾಗ ಸವಿತಾ ಹೊರಸಿನ ಕಡೆ ನೋಡಿ ದನಿ ತಗ್ಗಿಸಿ ಕೇಳಿದಳು. ಲಕ್ವಾ ಹೊಡೆದದ, ಮಾತು ಬರಂಗಿಲ್ಲ ಎಂದಳು ಹುಲಗೆಮ್ಮ. ಅದು ಸುಳ್ಳೇನಲ್ಲ. ಬೂದೆಪ್ಪ ಕಣ್ಣು ಮುಚ್ಚಿ ಮಲಗಿದ್ದ.

ಆ ಕೆಲಸ ಹುಲಗೆಮ್ಮನಿಗೆ ಹಿಡಿಸಿತು. ಕೂಗಿನ ಗಡಿಯೊಳಗೇ ಸಿಕ್ಕ ಕೆಲಸ ಅದು. ವಾರಕ್ಕೊಮ್ಮೆ ಸೆರಗಿಗೆ ಕೈ ಒರೆಸಿಕೊಂಡು, ಉಗುರಿನಷ್ಟು ಕಾರ್ಡನ್ನು ತೆಗೆದು ಹೊಸದನ್ನು ಕೂರಿಸುವಾಗ, ಯಾವುದೋ ದೊಡ್ಡ ಯಂತ್ರದ ಒಂದು ಹಲ್ಲನ್ನು ತಾನೂ ತಿರುಗಿಸಿದೆನೆಂಬ ಸಣ್ಣ ಹೆಮ್ಮೆ ಅವಳಿಗಾಗುತ್ತಿತ್ತು. ಉಮೇಶ ಶಕ್ತಿನಗರದವನು. ಅಪ್ಪ ಅಲ್ಲಿನ ವಿದ್ಯುತ್ ಕೇಂದ್ರದಲ್ಲಿ ಗುತ್ತಿಗೆ ಕೂಲಿ. ಬೈಕಿನಲ್ಲಿ ಧೂಳೆಬ್ಬಿಸಿಕೊಂಡು ಬಂದು, ನಿಂತ ಕಾಲಲ್ಲೇ ಕಾರ್ಡು ಇಸಿದುಕೊಂಡು ಹೋಗುತ್ತಿದ್ದ.

ಈ ನಡುವೆ ಒಂದು ಭಾನುವಾರ ಹುಲಗೆಮ್ಮ ಗಡಿ ದಾಟಿದಳು. ಮಾನ್ವಿಗೆ ಕೊಟ್ಟ ಮಗಳು ಲಲಿತಾಳ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ. ಆದೆಮ್ಮ ತಾನಾಗಿಯೇ ಮುಂದೆ ಬಂದಳು. “ಹೋಗಿ ಬಾ ಬೇ, ನಾ ನೋಡ್ಕೋತೀನಿ. ಒಂದ್ ದಿನಕ್ಕ ಏನಾಗತದ?” ಹುಲಗೆಮ್ಮ ಗಂಡನಿಗೆ ಹೇಳಿದಳು. ಅವನು ಎಡಗೈ ಎತ್ತಿ ಹೋಗು ಎಂಬಂತೆ ಆಡಿಸಿದ.

ಬಸ್ಸಿನ ಕಿಟಕಿಯ ಪಕ್ಕ ಕೂತು, ಎಲ್ಲಿಗೆ ಎಂದು ಕಂಡಕ್ಟರ್ ಕೇಳಿದಾಗ “ಮಾನ್ವಿ” ಎನ್ನುವಾಗ ಅವಳಿಗೆ ಬಾಯಿ ಸಿಹಿಯಾದಂತಾಯಿತು. ಕಲ್ಲುಗುಡ್ಡಗಳು ಹಿಂದೆ ಸರಿದು ಕಾಲುವೆ, ಕಾಲುವೆಯ ಆಚೆ ಕಣ್ಣು ಹಾಯುವಷ್ಟೂ ಹಸಿರು. ಕೂಸಿಗೆ ಬೂದೆಪ್ಪನ ಮೂಗು ಬಂದಿತ್ತು. ಹೆಂಗಸರು ಜೋಗುಳ ಹಾಡಿದರು, ಅವಳೂ ಹಾಡಿದಳು. ಹಾಡುವಾಗ ಕಿವಿ ಎಲ್ಲಿಗೂ ಓಡಲಿಲ್ಲ, ಏಕೆಂದರೆ ಅಲ್ಲಿ ಅದಕ್ಕೆ ಓಡಬೇಕಾದ ಜಾಗವಿರಲಿಲ್ಲ. ಬಹಳ ದಿನಗಳ ಮೇಲೆ ಅವಳು ಪೂರ್ತಿಯಾಗಿ ಒಂದೇ ಕಡೆ ಇದ್ದಳು. “ಇವತ್ತೊಂದಿನ ಇರು ಯವ್ವಾ” ಎಂದು ಲಲಿತಾ ಸೆರಗು ಹಿಡಿದಳು. ಸಂಜೆಯ ಬಸ್ಸಿಗೆ ಹುಲಗೆಮ್ಮ ಮರಳಿದಳು.

“ಗಂಜಿ ಕುಡಿಸೀನಿ, ಕೂಸಿನಂಗ ಮಕ್ಕೊಂಡಿದ್ದ” ಎಂದಳು ಆದೆಮ್ಮ. ಬೂದೆಪ್ಪ ಗೋಡೆಯ ಕಡೆ ಮುಖ ಮಾಡಿದ್ದ. ಆ ಸಂಜೆ ಅವನು ನೀರನ್ನೂ ಕೇಳಲಿಲ್ಲ.

ಅದಾಗಿ ಕೆಲವು ದಿನಗಳಿಗೆ ಸವಿತಾಳ ಫೋನು ಬಂತು. ದನಿಯಲ್ಲಿ ಸಂಭ್ರಮ ತುಳುಕುತ್ತಿತ್ತು.

“ಯಮ್ಮಾ, ನಿಮ್ಮ ಡಬ್ಬ್ಯಾಗ ಕೌಜುಗ ಸಿಕ್ಕದ! ಈ ಸುತ್ತಿನ ಯಾವ ಗುಡ್ಡದಾಗೂ ಇಷ್ಟು ಸಿಕ್ಕಿಲ್ಲ. ಮಧ್ಯಾಹ್ನದಾಗೂ ಕೂಗತದ, ಹೊತ್ತು ಮುಳುಗಿದ ಮ್ಯಾಲೂ ಕೂಗತದ. ಒಂದಲ್ಲ, ಮೂರು ನಾಕು ನಮೂನಿ ಕೂಗು. ನೀವು ಯಾವಾಗರ ನೋಡೀರೇನು? ತಡೀರಿ, ಕೇಳಸ್ತೀನಿ.”

ಫೋನಿನೊಳಗಿನಿಂದ ಬೂದೆಪ್ಪ ನೀರು ಕೇಳಿದ.

ಹುಲಗೆಮ್ಮನ ಕಾಲು ತಾನಾಗಿಯೇ ಬಿಂದಿಗೆಯ ಕಡೆ ಒಂದು ಹೆಜ್ಜೆ ಇಟ್ಟಿತು. ಆಮೇಲೆ ತಿಳಿಯಿತು. ಹೊರಸಿನ ಮೇಲೆ ಬೂದೆಪ್ಪ ನಿದ್ದೆಯಲ್ಲಿದ್ದ.

“ಯಮ್ಮಾ? ಕೇಳಾಕತ್ತದೇನು? ನೋಡೀರಾ ಅದನ್ನ?”

“ಹೌದ್ರಿ” ಎಂದುಬಿಟ್ಟಳು ಹುಲಗೆಮ್ಮ. “ಇರತದ್ರಿ, ಅಲ್ಲೇ ಎಲ್ಲೋ.”

ಸವಿತಾ ಮುಂದೆ ಹೇಳಿದ್ದು ಅವಳಿಗೆ ಅರ್ಧಂಬರ್ಧ ಕೇಳಿತು: ಗಿಡದ ಹತ್ತಿರ ಯಾರೂ ಸುಳಿಯಬಾರದು, ಮೇಲಿನವರಿಗೂ ತಿಳಿಸಿದ್ದೇನೆ, ಸದ್ಯದಲ್ಲೇ ಕ್ಯಾಮೆರಾ ತಂದು ಕೂರುತ್ತೇವೆ, ಗುಡ್ಡದ ಸುತ್ತ ಇನ್ನಷ್ಟು ಡಬ್ಬಿ ಕಟ್ಟುತ್ತೇವೆ. ಫೋನು ಇಟ್ಟ ಮೇಲೆ ಅವಳಿಗೆ ಕೇಳಿದ್ದು ರಾಯಚೂರಿನ ಆ ಗಾರ್ಡಿನ ಮಾತು. ಈ ಕೂಗು ಇನ್ನೊಮ್ಮಿ ನಿನ್ನ ಬಾಯಾಗ ಕೇಳಿದ್ರ. ಕೇಳಿಸಿತ್ತು. ಅದೂ ಎಷ್ಟೊಂದು ಸಲ! ಎಲ್ಲವೂ ಕಾರ್ಡಿನೊಳಗೆ ಕೂತು, ತಾನೇ ತನ್ನ ಕೈಯಾರೆ ತೆಗೆದುಕೊಟ್ಟು, ರಾಯಚೂರಿಗೆ ಹೋಗಿ ದಾಖಲಾಗಿತ್ತು. ಇನ್ನು ಜೀಪು ಬರುತ್ತದೆ. ಮನುಷ್ಯನನ್ನು ಹೊರಸಿನ ಸಮೇತ ಎತ್ತಿಕೊಂಡು ಹೋಗುತ್ತಾರೆ. ನಿಜ ಹೇಳಬಹುದಿತ್ತು, ಆದರೆ ಹೌದು ಎಂದದ್ದಾಗಿತ್ತು. ಈಗ ನಿಜ ಹೇಳಿದರೆ ಕೂಗಿನ ತಪ್ಪಿನ ಮೇಲೆ ಸುಳ್ಳಿನ ತಪ್ಪೂ ಸೇರುತ್ತಿತ್ತು.

ಅವಳಿಗೆ ಉಳಿದ ದಾರಿ ಒಂದೇ ಎಂದು ತೋರಿತು. ಆ ಕೂಗು ನಿಲ್ಲಬೇಕು.

ಆದೆಮ್ಮನ ಕೈಯನ್ನೂ ಸೇರಿಸಿಕೊಂಡು ಹೊರಸನ್ನು ಒಳಮನೆಗೆ ಸಾಗಿಸಿದಳು. ಕಾಳು ತುಂಬಿಡುತ್ತಿದ್ದ ಕೋಣೆ ಅದು. ಕಿಟಕಿಯಿಲ್ಲ, ಮೇಲೊಂದು ಬೆಳಕಿಂಡಿ. ಅದಕ್ಕೂ ಕೌದಿ ತುರುಕಿದಳು.

“ಇದೇನು ಬೇ, ಜೀವಂತ ಮನುಷ್ಯಾನ್ನ ಹಗೇವಿನಾಗ ಹಾಕಿದಂಗ!” ಎಂದಳು ಆದೆಮ್ಮ.

“ಹೊರಗ ಬಿಸಿಲು ಭಾಳ ಯಕ್ಕಾ.”

“ಬಿಸಿಲು ಇವತ್ತು ಹೊಸದಾಗಿ ಬಂತೇನು ರಾಯಚೂರು ಸೀಮಿಗೆ?”

ಬೂದೆಪ್ಪನಿಗೆ ಗುಡ್ಡ ಕಾಣದಾಯಿತು. ಕತ್ತಲಲ್ಲಿ ಅವನು ಮೊದಲು ಎಳೆದು ಎರಡು ಸಲ ಕೂಗಿದ. ಅವಳು ಮಗ್ಗುಲು ಬದಲಿಸಿದಳು. ಮತ್ತೆ ಅದನ್ನೇ ಕೂಗಿದ. ಬದಲಿಸಬೇಕಾದದ್ದು ಮಗ್ಗುಲಲ್ಲ, ಜಾಗ ಎಂದು ಅವಳಿಗೆ ಅರ್ಥವಾಯಿತು. “ಸುಮ್ಕಿರ್ರಿ” ಎಂದು ಬೇಡಿಕೊಂಡಳು, “ಹೊರಗ ಡಬ್ಬಿ ಕೇಳಾಕತ್ತದ. ನಿಮ್ಮನ್ನ ಒಯ್ತಾರ.” ಅವನು ಇನ್ನೂ ಗಟ್ಟಿಯಾಗಿ ಕೂಗಿದ. ಒಳಮನೆಯ ಗೋಡೆಗಳು ಆ ಕೂಗನ್ನು ಒಂದಕ್ಕೆ ನಾಲ್ಕು ಮಾಡಿ ಹೊರಗೆಸೆದವು. ಹುಲಗೆಮ್ಮ ಅಂಗೈಯಿಂದ ಅವನ ಬಾಯಿ ಮುಚ್ಚಿದಳು.

ಬಹಳ ಹೊತ್ತೇನಲ್ಲ. ಕೂಗು ಅವಳ ಅಂಗೈಗೆ ಬಿಸಿಯಾಗಿ ತಾಗಿ ಆರಿತು. ಅವಳು ಕೈ ತೆಗೆದಾಗ ಅವನು ಸಿಟ್ಟು ಮಾಡಲಿಲ್ಲ, ಕಣ್ಣಿನಲ್ಲಿ ನೀರೂ ತರಲಿಲ್ಲ. ಬೇಟೆಗೆ ಹೋದಾಗ ಹತ್ತಿರದಲ್ಲಿ ಯಾರೋ ಹೊರಗಿನವರು ಬಂದರೆಂದು ತಿಳಿದಾಗ ಹೇಗೆ ಸುಮ್ಮನಾಗುತ್ತಿದ್ದನೋ ಹಾಗೆ ಅವಳನ್ನು ನೋಡುತ್ತ ಸುಮ್ಮನಾದ.

ಆ ಮೌನ ಮರುದಿನ ಮುರಿಯಲಿಲ್ಲ, ಅದರ ಮರುದಿನವೂ ಮುರಿಯಲಿಲ್ಲ. ಅವಳು ಅಂದಾಜಿನ ಮೇಲೆ ನೀರು ಕುಡಿಸಿದಳು. ಕೆಲವೊಮ್ಮೆ ಕುಡಿದ, ಕೆಲವೊಮ್ಮೆ ಕಟಬಾಯಿಯಿಂದ ಹೊರಗೆ ಬಿಟ್ಟ. ಹಾಸಿಗೆ ಒದ್ದೆಯಾದ ಮೇಲಷ್ಟೇ ಅವಳಿಗೆ ತಿಳಿಯುತ್ತಿತ್ತು. ಬೆನ್ನಿನ ಒಂದು ಕಡೆ ಚರ್ಮ ಕೆಂಪಗಾಯಿತು. “ಒಮ್ಮಿ ಸಣ್ಣಗ ಕೂಗ್ರಿ, ನನಗಷ್ಟ ಕೇಳೂವಂಗ” ಎಂದು ಕಿವಿಯ ಹತ್ತಿರ ಬಾಗಿ ಕೇಳಿಕೊಂಡಳು. ಅವನು ಬೆಳಕಿಂಡಿಗೆ ತುರುಕಿದ ಕೌದಿಯನ್ನೇ ನೋಡುತ್ತಿದ್ದ.

ಮೊದಲು ಕೂಗು ಕೇಳದಿದ್ದರೆ ಎಲ್ಲ ಸರಿಯಾಗಿದೆ ಎಂದು ಅವಳು ಹೊಲದಲ್ಲಿ ನೆಮ್ಮದಿಯಿಂದ ಬಾಗಿ ಕಳೆ ತೆಗೆಯುತ್ತಿದ್ದಳು. ಈಗ ಕೂಗು ಕೇಳದಿರುವುದಕ್ಕೆ ಯಾವ ಅರ್ಥವೂ ಇರಲಿಲ್ಲ. ಹೊಸ್ತಿಲು ದಾಟಿದವಳು ಅಲ್ಲಿಂದಲೇ ಮರಳಿ ಬಂದು ಕತ್ತಲಲ್ಲಿ ಅವನ ಮೂಗಿನ ಬಳಿ ಬೆರಳು ಹಿಡಿದು ನೋಡುತ್ತಿದ್ದಳು. ಕೂಲಿ ತಪ್ಪಿತು. ಹೊರಗೆ ಬೇವಿನ ಗಿಡದಲ್ಲಿ ಡಬ್ಬಿ ಗಾಳಿಯ ಸದ್ದನ್ನು ಕೇಳುತ್ತ ಕೂತಿತ್ತು, ಒಳಗೆ ಅವಳು ಏನನ್ನೂ ಕೇಳದೆ ಕೂತಿದ್ದಳು. ಒಬ್ಬನನ್ನು ಒಳಗೆ ಹಾಕುವುದನ್ನು ತಪ್ಪಿಸಲು ಮೂರನ್ನೂ, ಅವನನ್ನು, ತನ್ನನ್ನು, ಮನೆಯನ್ನು, ಅವಳು ಒಳಗೆ ಹಾಕಿ ಅಗುಳಿ ಜಡಿದಂತಾಗಿತ್ತು.

ಸವಿತಾ ಮತ್ತು ಉಮೇಶ ಒಟ್ಟಿಗೇ ಬಂದರು. ಈ ಸಲ ಸವಿತಾಳ ಮುಖದಲ್ಲಿ ನಗು ಇರಲಿಲ್ಲ. ಕೌಜುಗ ಒಂದು ದಿನ ಇದ್ದಕ್ಕಿದ್ದಂತೆ ಸುಮ್ಮನಾದದ್ದು ಹೊಸ ಕಾರ್ಡಿನಿಂದ ಅವಳಿಗೆ ತಿಳಿದಿತ್ತು. ಕೇಳುವ ಕೆಲಸವನ್ನು ಉಮೇಶನೇ ಶುರುಮಾಡಿದ. ಅವನ ಕಣ್ಣು ಅಟ್ಟದ ಮೇಲೆ ಸಿಕ್ಕಿಸಿದ್ದ ಉರುಲಿನ ಕಟ್ಟಿನ ಮೇಲಿತ್ತು.

“ಯವ್ವಾ, ಊರಾಗ ಕೇಳಿಕೊಂಡು ಬಂದೀನಿ. ನಿಮ್ಮ ಯಜಮಾನ್ರು ಕೌಜುಗ ಹಿಡಿಯೋರಂತ. ಹೇಳಲಿಲ್ಲ ನೀವು.”

“ಅದು ಹಳೇ ಮಾತ್ರಿ. ಬಿಟ್ಟು ಭಾಳ ವರ್ಷ ಆತು.”

“ಮತ್ತ ಹಕ್ಕಿ ಎಲ್ಲಿ ಹೋತು? ಗಿಡದ ಹತ್ರ ಇತ್ತು ಅಂತ ನೀವ ಹೇಳೀರಿ. ಯಾರ ಹಿಡದ್ರು? ನೀವ ಹಿಡದು ಸಾರು ಮಾಡೀರೇನು?”

“ಉಮೇಶ” ಎಂದಳು ಸವಿತಾ, ತಡೆಯುವಂತೆ. ಆಮೇಲೆ ಹುಲಗೆಮ್ಮನ ಕಡೆ ತಿರುಗಿ, “ಯಮ್ಮಾ, ಖರೇ ಹೇಳ್ರಿ. ಏನಾದ್ರೂ ಆಗಿದ್ರ ನಾ ಏನೂ ಮಾಡಂಗಿಲ್ಲ. ಆದ್ರ ನನಗ ಗೊತ್ತಾಗಬೇಕು. ಅದು ಸತ್ತದೇನು?”

ಹುಲಗೆಮ್ಮನ ಗಂಟಲಿನಿಂದ ನಗುವಿನಂಥದ್ದೊಂದು ಹೊರಟಿತು, ಅರ್ಧಕ್ಕೆ ಅದು ಬೇರೇನೋ ಆಯಿತು. “ಸತ್ತಿಲ್ರಿ” ಎಂದಳು. “ನಾನ ಬಾಯಿ ಮುಚ್ಚೀನ್ರಿ ಅದರದು. ಬರ್ರಿ, ತೋರಸ್ತೀನಿ.” ಒಳಮನೆಯ ಅಗುಳಿ ತೆಗೆದಳು. “ಇಕಾ ನೋಡ್ರಿ, ನಿಮ್ಮ ಕೌಜುಗ. ಜೀಪು ತಂದಿದ್ರ ಒಯ್ರಿ. ಆದ್ರ ನನ್ನನ್ನೂ ಕೂಡ ಒಯ್ರಿ, ಇವರಿಗೆ ಏನು ಬೇಕು ಅನ್ನೂದು ಅಲ್ಲಿ ಯಾರಿಗೂ ತಿಳಿಯಂಗಿಲ್ಲ.”

ಉಮೇಶ ಏನೂ ಅರ್ಥವಾಗದೆ ನಿಂತ. ಸವಿತಾ ಕತ್ತಲೆಗೆ ಕಣ್ಣು ಹೊಂದಿಸಿಕೊಂಡು ಹೊರಸಿನ ಮೇಲಿನ ಮನುಷ್ಯನನ್ನು ನೋಡಿದಳು, ತುರುಕಿದ ಕೌದಿಯನ್ನು ನೋಡಿದಳು. ಹುಲಗೆಮ್ಮ ಎಲ್ಲವನ್ನೂ ಹೇಳಿ ಮುಗಿಸುವವರೆಗೆ ಅವಳು ನಡುವೆ ಬಾಯಿ ಹಾಕಲಿಲ್ಲ.

“ಕೂಗಿದ್ದಕ್ಕ ಕೇಸು ಹಾಕಂಗಿಲ್ಲ ಯಮ್ಮಾ” ಎಂದಳು ಕೊನೆಗೆ. “ಹಕ್ಕಿ ಹಿಡದ್ರ ಕೇಸು. ಬಾಯಿಲೆ ಕೂಗಿದ್ರ ಯಾರು ಏನು ಮಾಡ್ತಾರ?”

“ಏನೂ ಮಾಡಂಗಿಲ್ರಿ?”

“ಏನೂ ಇಲ್ಲ.”

ಹುಲಗೆಮ್ಮ ತನ್ನ ಬಲಗೈಯನ್ನು ನೋಡಿಕೊಂಡಳು. ಆಮೇಲೆ ಎದ್ದು ಬೆಳಕಿಂಡಿಯ ಕೌದಿಯನ್ನು ಎಳೆದು ಹಾಕಿದಳು. ಉಮೇಶ ಕೇಳದೆಯೇ ಹೊರಸಿನ ಒಂದು ತುದಿ ಹಿಡಿದ. ಬೂದೆಪ್ಪನನ್ನು ಮತ್ತೆ ಚಪ್ಪರದ ಕೆಳಗೆ, ಗುಡ್ಡದ ಕಡೆ ಮುಖವಾಗಿ ಮಲಗಿಸಿದರು. ಬೆಳಕಿಗೆ ಅವನು ಕಣ್ಣು ಕಿವುಚಿದ. ಬಾಯಿ ತೆರೆಯಲಿಲ್ಲ.

“ನನ್ನ ಕೂಡ ಇನ್ನ ಮಾತಾಡಂಗಿಲ್ರಿ ಅವರು” ಎಂದಳು ಹುಲಗೆಮ್ಮ, ಹೊರಸಿನ ಪಕ್ಕ ಕೂತು. “ತಿಂಗಳಾನಗಟ್ಲೆ ಕಲತಿದ್ದೆ ಆ ಮಾತು. ಒಂದು ಕೈಲೆ ಕಳಕೊಂಡೆ.”

ಅವಳಿಗೆ ಸಮಾಧಾನವಾಗಲೆಂದೋ, ತನ್ನ ಕುತೂಹಲ ತಡೆಯಲಾರದೆಯೋ, ಸವಿತಾ ಚೀಲದಿಂದ ಲ್ಯಾಪ್‌ಟಾಪ್ ತೆಗೆದಳು. “ಕಳದಿಲ್ಲ, ಎಲ್ಲಾ ಅದ ಇಲ್ಲಿ. ಹೇಳ್ರಿ, ಇದು ಏನು?” ಮೊಟಕು ಕೂಗೊಂದು ಬಂತು.

“ನೀರು.”

“ಇದು?”

“ಮಗ್ಗಲ ಬದಲ ಮಾಡು ಅಂತ.” ಹುಲಗೆಮ್ಮನ ಮುಖ ಸ್ವಲ್ಪ ತೆರೆಯಿತು. “ಇದು ಮುಂಜಾನೇದು. ಹಿಂದ ನನ್ನ ಕೊಳವಿ ಊದೂ ಸಪ್ಪಳ ಕೇಳತದ ನೋಡ್ರಿ.”

ಉಮೇಶನೂ ಬಾಗಿ ಕೇಳತೊಡಗಿದ್ದ. ಬೂದೆಪ್ಪನ ಕಣ್ಣು ಲ್ಯಾಪ್‌ಟಾಪಿನ ಕಡೆ ಹೊರಳಿ ಅಲ್ಲೇ ನಿಂತಿತ್ತು.

“ಇನ್ನ ಇದು ನಮಗ ಸಿಕ್ಕ ಎಲ್ಲಾಕ್ಕಿಂತ ಚಲೋ ದಿನ” ಎಂದಳು ಸವಿತಾ. “ಇದನ್ನ ಕೇಳೇ ನಾ ನಿಮಗ ಖುಷೀಲೆ ಫೋನ್ ಮಾಡಿದ್ದು. ಬೆಳಗಿಂದ ಹೊತ್ತು ಮುಳುಗೂತನಕ ಕೂಗ್ಯಾ...” ಹೇಳುತ್ತಿದ್ದಂತೆ ಅವಳ ದನಿ ನಿಧಾನವಾಯಿತು. ಆದರೆ ಬೆರಳು ಆಗಲೇ ಒತ್ತಿಯಾಗಿತ್ತು.

ನೀರಿನ ಕೂಗು. ಸ್ವಲ್ಪ ಬಿಡುವು. ಮತ್ತೆ ನೀರಿನ ಕೂಗು. ಎಳೆದ ಎರಡು ಕೂಗು, ಮತ್ತೆ ಎರಡು. ದೂರದಲ್ಲಿ ಎಲ್ಲೋ ಟೀವಿಯ ಸದ್ದು. ಬೆಳಗಿನ ಪೂರ್ತಿ ಕೂಗು, ಆದರೆ ಬೆಳಗಿನದಲ್ಲ, ಹಿಂದೆ ಮಧ್ಯಾಹ್ನದ ಬಿಸಿಗಾಳಿ ಬೇವಿನ ಎಲೆಗಳಲ್ಲಿ ಹಾಯುತ್ತಿತ್ತು. ಆಮೇಲೆ ಮೂರರಲ್ಲಿ ಯಾವುದೂ ಅಲ್ಲದ ಒಂದು ಕೂಗು: ತಗ್ಗು ದನಿಯಲ್ಲಿ ಶುರುವಾಗಿ, ಏರಬೇಕಾದಲ್ಲಿ ಏರದೆ, ನೆಲದ ಮೇಲೆ ಕೈಯಾಡಿಸುತ್ತ ಏನನ್ನೋ ಹುಡುಕಿದಂತೆ ಸುಳಿದಾಡಿ ನಿಲ್ಲುವ ಕೂಗು. ಅದು ಮತ್ತೆ ಮತ್ತೆ ಬಂತು.

“ಇದು ಏನು ಯಮ್ಮಾ?” ಎಂದ ಉಮೇಶ.

“ಗೊತ್ತಿಲ್ಲಪ. ಇದನ್ನ ನಾ ಎಂದೂ ಕೇಳಿಲ್ಲ.” ಹುಲಗೆಮ್ಮ ಸವಿತಾಳನ್ನು ನೋಡಿದಳು. “ಯಾವ ದಿನದ್ದು ಮೇಡಮ್ಮಾರ ಇದು?”

ಸವಿತಾ ಪರದೆಯ ಮೇಲಿನ ತಾರೀಖನ್ನು ಓದಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಳು. “ಭಾನುವಾರದ್ದು” ಎಂದಳು. “ಅಮಾಸಿ ಆದ ಮ್ಯಾಲಿಂದು.”

ಮಾನ್ವಿ. ತೊಟ್ಟಿಲು. ಜೋಗುಳ. ಲ್ಯಾಪ್‌ಟಾಪಿನಲ್ಲಿ ಆ ಭಾನುವಾರ ಮುಂದುವರಿಯುತ್ತಿತ್ತು. ಸವಿತಾ ನಿಲ್ಲಿಸಲು ಕೈ ಚಾಚಿದಾಗ ಹುಲಗೆಮ್ಮ ಬೇಡವೆಂಬಂತೆ ಆ ಕೈಯನ್ನು ಹಿಡಿದುಕೊಂಡಳು. ಹೊತ್ತು ಇಳಿಯುವ ಕಡೆಯ ಹಕ್ಕಿಗಳ ಗದ್ದಲದ ನಡುವೆ ಆ ಹುಡುಕುವ ಕೂಗು ಇನ್ನೂ ಬರುತ್ತಿತ್ತು, ಬರುಬರುತ್ತ ದಣಿದು ಒಡೆಯುತ್ತಿತ್ತು. ಕುಂಬಿಯ ಮೇಲೆ ಕೂತು ಕೇಳುತ್ತಿದ್ದ ಆದೆಮ್ಮ ಇಳಿದು ತನ್ನ ಮನೆಯೊಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಮುಗಿದ ಮೇಲೆ ಸವಿತಾ ಲ್ಯಾಪ್‌ಟಾಪ್ ಮುಚ್ಚಿದಳು. “ಈ ಡಬ್ಬಿ ಲೆಕ್ಕ ಎಲ್ಲಾ ತೆಗೀಬೇಕಾಗತದ” ಎಂದಳು, ಹೇಳಲೇಬೇಕಾದ ಮಾತನ್ನು ಹೇಗೋ ಮುಗಿಸುವವಳಂತೆ. “ಗುಡ್ಡದಾಗ ಕೌಜುಗ ಇಲ್ಲ ಅಂತ ಬರೀತೀನಿ. ಮೇಲಿನವರಿಗೆ ಇದ್ದದ್ದು ಇದ್ದಂಗ ಹೇಳ್ತೀನಿ, ಬೈಸಿಕೋತೀನಿ. ಡಬ್ಬಿ ಗುಡ್ಡದ ಆಚೆ ಕಡೆ ಕಟ್ಟೋಣು, ಮುಸುವದ ಕಾಟ ಇಲ್ಲದ ಜಾಗ ತೋರಸ್ತೀರೇನು? ಕೆಲಸ ನಿಮ್ಮದ ಇರಲಿ.”

ಹುಲಗೆಮ್ಮ ಎದ್ದಳು. ಬೂದೆಪ್ಪನಿಗೆ ನೀರು ಕುಡಿಸಿ, ಬಾಯಿ ಒರೆಸಿ, “ಗುಡ್ಡದ ಆಚೆ ಹೋಗಿ ಲಗೂನ ಬರ್ತೀನ್ರಿ” ಎಂದಳು. ಅವನು ಅವಳನ್ನು ನೋಡಲಿಲ್ಲ. ಉಮೇಶ ಬೇವಿನ ಗಿಡದಿಂದ ಡಬ್ಬಿ ಬಿಚ್ಚಿಕೊಂಡ. ಮೂವರೂ ಮುಳ್ಳುಬೇಲಿಯ ದಾಟುಗಂಡಿಯವರೆಗೆ ಹೋದರು. ಹುಲಗೆಮ್ಮ ಸೀರೆಯ ನೆರಿಗೆ ಎತ್ತಿ ಒಂದು ಕಾಲು ಆಚೆ ಇಟ್ಟಳು.

ಹಿಂದಿನಿಂದ ಕೂಗು ಬಂತು.

“ಮೇಡಂ, ಕೌಜು...” ಎಂದ ಉಮೇಶ ಅಭ್ಯಾಸಬಲದಿಂದ, ಮಾತನ್ನು ಅಲ್ಲೇ ನುಂಗಿದ.

ನೀರಿನದಲ್ಲ. ಮಗ್ಗುಲಿನದಲ್ಲ. ತಗ್ಗಿನಲ್ಲಿ ಶುರುವಾಗಿ, ಏರದೆ, ನೆಲ ತಡಕಾಡುವಂಥದ್ದು. ಇಷ್ಟು ದಿನ ಅವಳ ಕಿವಿಗೆ ಅದು ಬೀಳದಿದ್ದುದು ಏಕೆಂದರೆ, ಅದು ಹೊರಡುತ್ತಿದ್ದುದು ಅವಳು ಕೇಳಲಾರದಷ್ಟು ದೂರ ಹೋಗುವಾಗ ಮಾತ್ರ. ಒಮ್ಮೆಯಷ್ಟೇ ಹೋಗಿದ್ದಳು. ಈಗ ಮತ್ತೆ ಹೋಗುವಳೆಂದು ಅವನಿಗೆ ತಿಳಿದುಬಿಟ್ಟಿತ್ತು.

ಅವನು ಮಾತಾಡಿದ್ದ. ಅವಳೊಡನೆಯೇ ಮಾತಾಡಿದ್ದ. ಆಚೆ ಇಟ್ಟ ಕಾಲನ್ನು ಅವಳು ಈಚೆ ತೆಗೆದುಕೊಂಡಳು.

“ನೀವು ಹೋಗ್ರಿ” ಎಂದಳು. “ಇದೇ ಕಾಲುದಾರಿ. ಜೋಡಿ ಬಂಡಿಗಲ್ಲು ದಾಟಿದ ಮ್ಯಾಲ ಒಂದು ಬಸರಿ ಗಿಡ ಅದ, ಅಲ್ಲಿ ಕಟ್ರಿ. ಕೆಲಸಕ್ಕ ಬ್ಯಾರೆ ಯಾರನ್ನರ ನೋಡ್ರಿ ಮೇಡಮ್ಮಾರ. ನನಗ ಅಷ್ಟು ದೂರ ಆಗಂಗಿಲ್ಲ.”

ಸವಿತಾ ಉಮೇಶನ ಹಿಂದೆ ಗುಡ್ಡ ಹತ್ತಿದಳು.

ಹುಲಗೆಮ್ಮ ಮರಳಿ ಬಂದು ಹೊರಸಿನ ಪಕ್ಕ ನೆಲದ ಮೇಲೆ ಕೂತಳು. ಅವಳನ್ನು ಕಂಡು ಬೂದೆಪ್ಪನ ಕೂಗು ನಿಂತಿತು. ಅವನು ಬೇರೇನನ್ನೂ ಕೇಳಲಿಲ್ಲ. ತುಸು ಹೊತ್ತಿಗೆ ಮೇಲಿನಿಂದ, ಬಂಡೆಗಳ ಮರೆಯಿಂದ, ಉಮೇಶನ ದನಿ ಇಳಿದು ಬಂತು: “ಯಮ್ಮಾ, ಇಲ್ಲಿ ಎರಡು ಗಿಡ ಅದಾವ! ಯಾವುದು?”

“ಇನ್ನೂ ಮ್ಯಾಲ ಹೋಗಪಾ” ಎಂದು ಹುಲಗೆಮ್ಮ ಕೂತಲ್ಲಿಂದಲೇ ಕೂಗಿದಳು, ಒಂದು ಕೈಯಿಂದ ಹೊರಸಿನ ಅಂಚು ಹಿಡಿದು. “ಇನ್ನೂ ಮ್ಯಾಲ!”